ಮೀನುಮರಿಗೆ ಎಷ್ಟು ಪ್ರೋಟೀನ್ ಬೇಕು? ಆಹಾರದ ಚೀಲದ ಅಂಕಿಯನ್ನು ಓದುವ ಬಗೆ

ಮುಂಗಾರು ಆರಂಭವಾಗುತ್ತಿದ್ದಂತೆ ಕಾಸರಗೋಡಿನ ಅನೇಕ ಮನೆಗಳಿಗೆ ಮೀನುಮರಿಗಳನ್ನು ತಂದು ಬಿಡುವ ಕಾಲವೂ ಬರುತ್ತದೆ. ಅಡಿಕೆ ತೋಟದ ಮದಕ, ಸುರಂಗದ ನೀರು ಬಂದು ಬೀಳುವ ಟ್ಯಾಂಕಿ, ಮುರಕಲ್ಲು ಕಡಿದು ಬಿಟ್ಟ ಕೋರೆ, ಹಿತ್ತಿಲಲ್ಲಿ ಟಾರ್ಪಾಲು ಹಾಸಿ ನಿರ್ಮಿಸಿದ ಕೊಳ, ಹೀಗೆ ನೀರು ನಿಲ್ಲುವ ಯಾವ ತಾಣವನ್ನೂ ಮೀನು ಸಾಕಣೆಗೆ ಬಳಸಿಕೊಳ್ಳುವವರು ನಮ್ಮಲ್ಲಿದ್ದಾರೆ. ಮರಿ ಬಿಟ್ಟ ಮರುದಿನವೇ ಎದುರಾಗುವ ಪ್ರಶ್ನೆ ಒಂದೇ: ಇವುಗಳಿಗೆ ಏನನ್ನು ಹಾಕಬೇಕು? ಅಂಗಡಿಯಲ್ಲಿರುವ ಚೀಲಗಳ ಮೇಲೆ ಶೇ. 24, 28, 32, 40 ಎಂಬ ಅಂಕಿಗಳಿರುತ್ತವೆ. ಅಂಕಿ ಏರಿದಂತೆ ಬೆಲೆಯೂ ಏರುತ್ತದೆ. ಮರಿ ತೀರಾ ಸಣ್ಣದು, ಅದಕ್ಕೆ ಅಗ್ಗದ ಆಹಾರವೇ ಸಾಕು ಎಂಬ ಲೆಕ್ಕಾಚಾರದಲ್ಲಿ ಕಡಿಮೆ ಅಂಕಿಯ ಚೀಲವನ್ನು ಕೊಂಡೊಯ್ಯುವುದು ಸಾಮಾನ್ಯ. ಆದರೆ ನಿಸರ್ಗದ ಲೆಕ್ಕ ಇದಕ್ಕೆ ತೀರಾ ವಿರುದ್ಧವಾದುದು. ಮೀನು ಎಷ್ಟು ಎಳೆಯದೋ ಅದರ ಆಹಾರದಲ್ಲಿ ಪ್ರೋಟೀನಿನ ಪಾಲು ಅಷ್ಟು ಹೆಚ್ಚಿರಬೇಕು. ಹೀಗೇಕೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ನಾಯ್ಮಾರ್ಮೂಲೆಯಂತಹ ಪ್ರದೇಶಕ್ಕೆ ಈ ವಿಷಯ ಇನ್ನಷ್ಟು ಮುಖ್ಯವಾದುದು. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ, ವಿದ್ಯಾನಗರಕ್ಕೂ ಚೆರ್ಕಳಕ್ಕೂ ನಡುವೆ ಇರುವ ಈ ಊರಿನಲ್ಲಿ ಮನೆಯ ಜಾಗವನ್ನು ಅಳೆಯುವುದು ಎಕರೆಯಲ್ಲಲ್ಲ, ಸೆಂಟಿನಲ್ಲಿ. ಇಲ್ಲಿ ಮೀನು ಸಾಕಬಯಸುವವರಿಗೆ ಸಾಧ್ಯವಿರುವುದು ಸಣ್ಣ ಟ್ಯಾಂಕಿ ಮಾತ್ರ. ವಿಶಾಲವಾದ ಕೆರೆಯಲ್ಲಿ ನಾವು ಹಾಕುವ ಆಹಾರದಲ್ಲಿ ಕೊರತೆಯಿದ್ದರೂ ನೀರಿನಲ್ಲೇ ಹುಟ್ಟುವ ಸೂಕ್ಷ್ಮಜೀವಿಗಳು ಆ ಕೊರತೆಯನ್ನು ಒಂದಿಷ್ಟು ತುಂಬಿಕೊಡುತ್ತವೆ. ಟ್ಯಾಂಕಿಯ ಮರಿಗೆ ಆ ಆಸರೆ ಇಲ್ಲ. ಚೀಲದಲ್ಲಿ ಏನಿದೆಯೋ ಅದೇ ಅದರ ಸರ್ವಸ್ವ.

ಹೆಸರಿನಲ್ಲೇ ಅಡಗಿರುವ ವಿವರಣೆ

ಹಳೆಯ ಕನ್ನಡ ಪಠ್ಯಪುಸ್ತಕಗಳಲ್ಲಿ ಪ್ರೋಟೀನಿಗೆ ‘ಸಸಾರಜನಕ’ ಎಂಬ ಹೆಸರಿತ್ತು. ಸಾರಜನಕವೆಂದರೆ ನೈಟ್ರೋಜನ್. ಅದನ್ನು ಒಳಗೊಂಡದ್ದು ಸಸಾರಜನಕ. ಶರ್ಕರಪಿಷ್ಟದಲ್ಲಾಗಲಿ ಕೊಬ್ಬಿನಲ್ಲಾಗಲಿ ಸಾರಜನಕವಿಲ್ಲ. ಆಹಾರದ ಈ ಮೂರು ಮುಖ್ಯ ಘಟಕಗಳಲ್ಲಿ ಪ್ರೋಟೀನನ್ನು ಪ್ರತ್ಯೇಕಿಸುವ ಗುರುತೇ ಸಾರಜನಕ.

ಚೀಲದ ಮೇಲೆ ಅಚ್ಚಾಗಿರುವ ಅಂಕಿಯೂ ಇದೇ ಗುರುತಿನ ಆಧಾರದಿಂದ ಬಂದದ್ದು. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ ಎಂಬ ರಸಾಯನಶಾಸ್ತ್ರಜ್ಞ 1883ರಲ್ಲಿ ರೂಪಿಸಿದ ವಿಧಾನದಲ್ಲಿ ಆಹಾರದಲ್ಲಿರುವ ಸಾರಜನಕವನ್ನು ಅಳೆಯಲಾಗುತ್ತದೆ. ಪ್ರೋಟೀನಿನ ತೂಕದಲ್ಲಿ ಸಾರಜನಕದ ಪಾಲು ಸರಾಸರಿ ಶೇ. 16. ಆದುದರಿಂದ ದೊರೆತ ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನಿನ ಅಂದಾಜು ಸಿಗುತ್ತದೆ. ಇದನ್ನೇ ‘ಕಚ್ಚಾ ಪ್ರೋಟೀನ್’ ಎನ್ನುತ್ತಾರೆ. ಈ ಲೆಕ್ಕದಲ್ಲಿ ಒಂದು ದೌರ್ಬಲ್ಯವೂ ಇದೆ. ಸಾರಜನಕ ಎಲ್ಲಿಂದ ಬಂತು ಎಂಬುದನ್ನು ಅದು ವಿಚಾರಿಸುವುದಿಲ್ಲ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಎಂಬ ಸಾರಜನಕಭರಿತ ರಾಸಾಯನಿಕವನ್ನು ಬೆರೆಸಿ ಪ್ರೋಟೀನ್ ಹೆಚ್ಚಿರುವಂತೆ ತೋರಿಸಿದ ವಂಚನೆ ಸಾಧ್ಯವಾದದ್ದು ಇದೇ ಕಾರಣದಿಂದ. ಆದ್ದರಿಂದ ಅಂಕಿಯೊಂದಿಗೆ, ಆ ಪ್ರೋಟೀನ್ ಯಾವ ಪದಾರ್ಥದಿಂದ ಬಂದಿದೆ ಎಂಬುದನ್ನೂ ಕೇಳಬೇಕು.

ಪ್ರೋಟೀನುಗಳು ಸುಮಾರು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳ ಜೋಡಣೆಯಿಂದಾದವು. ಇವುಗಳಲ್ಲಿ ಹತ್ತನ್ನು ಮೀನು ತನ್ನ ದೇಹದಲ್ಲಿ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅವು ಆಹಾರದಿಂದಲೇ ದೊರೆಯಬೇಕು. 1950ರ ದಶಕದಲ್ಲಿ ಅಮೆರಿಕದ ಜಾನ್ ಹಾಲ್ವರ್ ಮತ್ತು ಸಂಗಡಿಗರು ಸಾಲ್ಮನ್ ಮೀನಿನ ಮರಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇದು ಖಚಿತವಾಯಿತು. ಹಳೆಯ ಮುದ್ರಣಾಲಯದ ಅಚ್ಚುಮೊಳೆಗಳನ್ನು ನೆನೆದರೆ ಈ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ‘ಕ’ ಮತ್ತು ‘ನ’ ಮೊಳೆಗಳು ರಾಶಿ ಬಿದ್ದಿದ್ದರೂ ‘ಡ’ ಮುಗಿದುಹೋಗಿದ್ದರೆ ‘ಕನ್ನಡ’ ಎಂಬ ಪದವನ್ನು ಜೋಡಿಸಲಾಗದು. ಅಂತೆಯೇ ಲೈಸಿನ್ ಅಥವಾ ಮಿಥಿಯೋನಿನ್ ಎಂಬ ಒಂದೇ ಒಂದು ಅಮೈನೋ ಆಮ್ಲ ಕಡಿಮೆ ಬಿದ್ದರೂ ಮೀನಿನ ಸ್ನಾಯು ಬೆಳೆಯುವುದು ಅಲ್ಲಿಗೇ ನಿಲ್ಲುತ್ತದೆ. ಉಳಿದವು ಉಪಯೋಗಕ್ಕೆ ಬಾರದೆ ಸುಟ್ಟುಹೋಗುತ್ತವೆ.

ಮರಿಗೇ ಏಕೆ ಹೆಚ್ಚು?

ಮೊದಲ ಕಾರಣ ಬೆಳವಣಿಗೆಯ ವೇಗ. ಕಾಟ್ಲಾ, ರೋಹು, ಮೃಗಾಲ್ ಮೊದಲಾದ ಗೆಂಡೆ ಜಾತಿಯ ಮರಿ ಮೊಟ್ಟೆಯೊಡೆದು ಬಂದ ಮೊದಲ ಮೂರು ದಿನ ತನ್ನ ಹೊಟ್ಟೆಗಂಟಿದ ಹಳದಿಯ ಚೀಲದಿಂದಲೇ ಬದುಕುತ್ತದೆ. ಅನಂತರ ಆಹಾರಕ್ಕಾಗಿ ಬಾಯಿ ತೆರೆಯುವಾಗ ಅದರ ಉದ್ದ ಆರೇಳು ಮಿಲಿಮೀಟರ್; ಇಂತಹ ಒಂದು ಲಕ್ಷ ಮರಿಗಳ ಒಟ್ಟು ತೂಕ ಸುಮಾರು 140 ಗ್ರಾಂ ಮಾತ್ರ. ಉತ್ತಮ ಆರೈಕೆಯಿದ್ದರೆ ಹದಿನೈದಿಪ್ಪತ್ತು ದಿನಗಳಲ್ಲಿ ಅದೇ ಮರಿ ಸುಮಾರು 25 ಮಿಲಿಮೀಟರ್ ಉದ್ದಕ್ಕೆ ಬೆಳೆದು ನೂರು ಪಟ್ಟು ತೂಗುತ್ತದೆ. ಮನುಷ್ಯಶಿಶುವಿನ ತೂಕ ಇಮ್ಮಡಿಯಾಗಲು ಸುಮಾರು ಐದು ತಿಂಗಳು ಹಿಡಿಯುತ್ತದೆ ಎಂಬುದನ್ನು ನೆನೆದರೆ ಈ ವೇಗದ ಅರಿವಾದೀತು. ಹೀಗೆ ಹೊಸದಾಗಿ ಕೂಡುವ ತೂಕದಲ್ಲಿ ನೀರನ್ನು ಬಿಟ್ಟರೆ ಬಹುಪಾಲು ಪ್ರೋಟೀನೇ. ಬೆಳೆದ ಮೀನಿನ ಆಹಾರ ಹೆಚ್ಚಾಗಿ ದೇಹವನ್ನು ನಡೆಸಿಕೊಂಡು ಹೋಗಲು ವ್ಯಯವಾದರೆ, ಮರಿಯ ಆಹಾರ ದೇಹವನ್ನು ಕಟ್ಟುವುದಕ್ಕೆ ವಿನಿಯೋಗವಾಗುತ್ತದೆ.

ಎರಡನೆಯ ಕಾರಣ, ಮೀನಿನ ಶಕ್ತಿಯ ಅಗತ್ಯ ಕಡಿಮೆ. ಕೋಳಿಯಂತೆ ಅದು ತನ್ನ ಮೈಯನ್ನು ಬೆಚ್ಚಗಿರಿಸಿಕೊಳ್ಳಬೇಕಿಲ್ಲ. ನೀರು ದೇಹದ ಭಾರವನ್ನು ಹೊರುವುದರಿಂದ ನಿಲ್ಲಲು ಶ್ರಮವಿಲ್ಲ. ಪ್ರೋಟೀನಿನ ತ್ಯಾಜ್ಯವನ್ನು ನಮ್ಮಂತೆ ಯೂರಿಯಾ ಆಗಿ ಮಾರ್ಪಡಿಸುವ ಖರ್ಚೂ ಇಲ್ಲ. ಅಮೋನಿಯಾ ರೂಪದಲ್ಲೇ ಕಿವಿರುಗಳ ಮೂಲಕ ನೀರಿಗೆ ಬಿಟ್ಟುಬಿಡುತ್ತದೆ. ಆದ್ದರಿಂದ ಅದು ತಿನ್ನುವುದು ಸ್ವಲ್ಪ. ಆ ಸ್ವಲ್ಪದಲ್ಲೇ ಪ್ರೋಟೀನಿನ ಅಂಶ ದಟ್ಟವಾಗಿರಬೇಕು. ಮಾಂಸದ ಕೋಳಿ 1 ಕಿಲೋ ಬೆಳೆಯಲು ಶೇ. 20ರಷ್ಟು ಪ್ರೋಟೀನಿರುವ ಆಹಾರವನ್ನು ಸುಮಾರು 1.7 ಕಿಲೋ ತಿಂದರೆ ಅದರಲ್ಲಿರುವ ಪ್ರೋಟೀನ್ 340 ಗ್ರಾಂ. ತಿಲಾಪಿಯಾ 1 ಕಿಲೋ ಬೆಳೆಯಲು ಶೇ. 30ರ ಆಹಾರವನ್ನು ಸುಮಾರು 1.3 ಕಿಲೋ ತಿಂದರೆ 390 ಗ್ರಾಂ. ಶೇಕಡಾ ಪ್ರಮಾಣದಲ್ಲಿ ದೊಡ್ಡದಾಗಿ ಕಾಣುವ ವ್ಯತ್ಯಾಸ ತೂಕದಲ್ಲಿ ನೋಡಿದರೆ ಅಷ್ಟೊಂದು ದೊಡ್ಡದಲ್ಲ.

ಮೂರನೆಯದು ಮರಿಯ ಕರುಳು. ಬೆಳೆದ ಮೇಲೆ ಹುಲ್ಲನ್ನೇ ಮೇಯುವ ಹುಲ್ಲುಗೆಂಡೆಯೂ ಮರಿಯಾಗಿರುವಾಗ ಹುಲ್ಲು ತಿನ್ನುವುದಿಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳನ್ನು, ಅಂದರೆ ಪ್ರಾಣಿಪ್ಲವಕಗಳನ್ನು, ಹಿಡಿದು ತಿನ್ನುತ್ತದೆ. ಆಗ ಅದರ ಕರುಳು ಗಿಡ್ಡವಾಗಿದ್ದು, ನಾರು ಮತ್ತು ಪಿಷ್ಟವನ್ನು ಜೀರ್ಣಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಪ್ರಾಣಿಪ್ಲವಕದ ನೀರಿನಂಶವನ್ನು ತೆಗೆದರೆ ಉಳಿಯುವುದರಲ್ಲಿ ಅರ್ಧಕ್ಕೂ ಮಿಕ್ಕಿ ಪ್ರೋಟೀನ್. ನಿಸರ್ಗವೇ ಮರಿಗೆ ಗೊತ್ತುಪಡಿಸಿದ ಆಹಾರ ಇದು. ಚೀಲದ ಆಹಾರ ಇದಕ್ಕೆ ಬದಲಿಯಾಗಿ ಬಂದದ್ದೆಂಬುದನ್ನು ಮರೆಯಬಾರದು.

ಯಾವ ಮೀನಿಗೆ, ಯಾವ ವಯಸ್ಸಿಗೆ ಎಷ್ಟು?

ಸಾಕಣೆಯಲ್ಲಿ ಸಾಮಾನ್ಯವಾಗಿ ಅನುಸರಿಸುವ ಪ್ರಮಾಣಗಳು ಹೀಗಿವೆ:

- ಗೆಂಡೆ ಜಾತಿ: ಎಳೆಯ ಮರಿಗಳಿಗೆ ಶೇ. 40ರ ಆಸುಪಾಸು, ಬೆರಳುದ್ದದ ಮರಿಗಳಿಗೆ ಶೇ. 30ರಿಂದ 35, ಬೆಳೆಯುವ ಮೀನಿಗೆ ಶೇ. 25ರಿಂದ 30.
- ತಿಲಾಪಿಯಾ: 1 ಗ್ರಾಮಿಗಿಂತ ಕಡಿಮೆ ತೂಗುವ ಮರಿಗೆ ಶೇ. 40ರಿಂದ 45, 10 ಗ್ರಾಂ ತೂಗುವವರೆಗೆ ಶೇ. 35ರಿಂದ 40, ಅನಂತರ ಕ್ರಮೇಣ ಶೇ. 30ರ ಸುತ್ತಮುತ್ತ.
- ಕಾಳಾಂಜಿ: ಇದು ಇತರ ಮೀನುಗಳನ್ನು ತಿನ್ನುವ ಜಾತಿ. ಇದಕ್ಕೆ ಶೇ. 45ರಿಂದ 50ರಷ್ಟು ಪ್ರೋಟೀನ್ ಬೇಕು; ದೊಡ್ಡದಾದ ಮೇಲೂ ಅಗತ್ಯ ಹೆಚ್ಚು ಇಳಿಯುವುದಿಲ್ಲ. ಹೊಟ್ಟೆ ತುಂಬದಿದ್ದರೆ ದೊಡ್ಡ ಮರಿ ಸಣ್ಣದನ್ನು ನುಂಗುವುದರಿಂದ ಗಾತ್ರಕ್ಕನುಗುಣವಾಗಿ ಮರಿಗಳನ್ನು ಆಗಾಗ ಬೇರ್ಪಡಿಸಬೇಕು.

ನಮ್ಮ ಜಿಲ್ಲೆಯ ದಕ್ಷಿಣ ಭಾಗದಲ್ಲಿ, ಪಡನ್ನ ಮತ್ತು ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ, ಹಸಿರು ಕಲ್ಲುಮ್ಮಕ್ಕಾಯಿಯನ್ನು ಹಗ್ಗಗಳಿಗೆ ಕಟ್ಟಿ ಬೆಳೆಸುವವರು ಅದಕ್ಕೆ ಯಾವ ಆಹಾರವನ್ನೂ ಹಾಕುವುದಿಲ್ಲ. ಅದು ಹರಿಯುವ ನೀರಿನಿಂದಲೇ ಸೂಕ್ಷ್ಮಜೀವಿಗಳನ್ನು ಸೋಸಿ ತಿಂದುಕೊಳ್ಳುತ್ತದೆ. ಟ್ಯಾಂಕಿಯ ಮೀನುಮರಿಯಿಂದ ಅಂತಹ ಸ್ವಾವಲಂಬನೆಯನ್ನು ನಿರೀಕ್ಷಿಸಲಾಗದು.

ನಮ್ಮಲ್ಲಿ ದೊರೆಯುವ ಪದಾರ್ಥಗಳು

ತೆಂಗಿನ ನಾಡಾದ ಕಾಸರಗೋಡಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ತೆಂಗಿನ ಹಿಂಡಿ. ಇದರಲ್ಲಿ ಪ್ರೋಟೀನ್ ಶೇ. 20ರ ಆಸುಪಾಸು. ಲೈಸಿನ್ ಮತ್ತು ಮಿಥಿಯೋನಿನ್ ಕಡಿಮೆ, ನಾರು ಹೆಚ್ಚು. ಬೆಳೆದ ಗೆಂಡೆಗೆ ಇತರ ಪದಾರ್ಥಗಳೊಂದಿಗೆ ಬೆರೆಸಿ ಕೊಡಬಹುದು. ಎಳೆಯ ಮರಿಗೆ ಇದೊಂದನ್ನೇ ಹಾಕುವುದು ಸಲ್ಲದು. ನೆಲಗಡಲೆ ಹಿಂಡಿಯಲ್ಲಿ ಪ್ರೋಟೀನ್ ಶೇ. 40ರಷ್ಟು ಅಥವಾ ತುಸು ಹೆಚ್ಚು, ಅಕ್ಕಿಯ ತೌಡಿನಲ್ಲಿ ಶೇ. 12ರಷ್ಟು. ಸೋಯಾ ಹಿಂಡಿಯಲ್ಲಿ ಶೇ. 45ರ ಆಸುಪಾಸು, ಆದರೆ ಹಸಿ ಸೋಯಾದಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಯಾಗುವ ಅಂಶಗಳಿರುವುದರಿಂದ ಕಾಯಿಸಿ ಸಂಸ್ಕರಿಸಿದ್ದನ್ನೇ ಬಳಸಬೇಕು. ಒಳ್ಳೆಯ ಮೀನಿನ ಹುಡಿಯಲ್ಲಿ ಶೇ. 60ರಷ್ಟು ಪ್ರೋಟೀನ್ ಇದ್ದು, ಹತ್ತು ಅವಶ್ಯ ಅಮೈನೋ ಆಮ್ಲಗಳೂ ಸಮತೋಲದಲ್ಲಿರುತ್ತವೆ.

ಮಕ್ಕಳು ಮನೆಯಲ್ಲೇ ಮಾಡಬಹುದಾದ ಲೆಕ್ಕ ಇಲ್ಲಿದೆ. ನೆಲಗಡಲೆ ಹಿಂಡಿ ಮತ್ತು ತೌಡನ್ನು ಸಮಪಾಲು ಬೆರೆಸುವುದು ನಮ್ಮ ದೇಶದಲ್ಲಿ ಗೆಂಡೆ ಸಾಕಣೆಯ ಬಹುಕಾಲದ ರೂಢಿ. 40 ಮತ್ತು 12 ಕೂಡಿ 52. ಅದರ ಅರ್ಧ 26. ಅಂದರೆ ಈ ಮಿಶ್ರಣದಲ್ಲಿ ಪ್ರೋಟೀನ್ ಶೇ. 26. ಕೆರೆಯಲ್ಲಿ ಬೆಳೆದ ಗೆಂಡೆಗೆ ಇದು ಸಾಕು, ಮರಿಗೆ ಸಾಲದು. ಇದರ ಬದಲು ಎರಡು ಪಾಲು ನೆಲಗಡಲೆ ಹಿಂಡಿ, ಒಂದು ಪಾಲು ಮೀನಿನ ಹುಡಿ, ಒಂದು ಪಾಲು ತೌಡು ಬೆರೆಸಿದರೆ 80, 60 ಮತ್ತು 12 ಸೇರಿ 152; ಅದನ್ನು ನಾಲ್ಕರಿಂದ ಭಾಗಿಸಿದರೆ 38. ಇದು ಮರಿಗಳಿಗೆ ಬೇಕಾದ ಪ್ರಮಾಣಕ್ಕೆ ಹತ್ತಿರ ಬರುತ್ತದೆ. ಇದನ್ನು ನುಣ್ಣಗೆ ಅರೆದು ಬಟ್ಟೆಯಲ್ಲಿ ಜಾಲಿಸಿ ಕೊಡಬೇಕು. ಮರಿಯ ಬಾಯಿಗೆ ಹಿಡಿಯದ ಕಾಳಿನಲ್ಲಿ ಎಷ್ಟು ಪ್ರೋಟೀನಿದ್ದರೂ ಅದು ತಳಕ್ಕೆ ಸೇರುವ ಕಸ ಮಾತ್ರ. ಮಳೆಗಾಲದ ತೇವದಲ್ಲಿ ಹಿಂಡಿಗೆ ಬೂಷ್ಟು ಹಿಡಿಯುವುದು ಸುಲಭ. ಬೂಷ್ಟು ಹಿಡಿದ ನೆಲಗಡಲೆ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುವ ಸಾಧ್ಯತೆಯಿರುವುದರಿಂದ ಅದನ್ನು ಎಸೆಯುವುದೇ ಲೇಸು.

ಮೀನಿನ ಹುಡಿಯ ವಿಷಯದಲ್ಲಿ ಇನ್ನೊಂದು ಮಾತು. ಇದಕ್ಕೆ ಹೆಚ್ಚಾಗಿ ಬಳಕೆಯಾಗುವುದು ಬೂತಾಯಿಯಂತಹ ಸಣ್ಣ ಮೀನುಗಳು. ಕೇರಳದ ಕರಾವಳಿಯಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ದೊರೆತಿದ್ದ ಬೂತಾಯಿ, 2021ರಲ್ಲಿ 3,300 ಟನ್ನಿಗೆ ಇಳಿದಿತ್ತು. ನಮ್ಮ ಊಟದ ತಟ್ಟೆಗೆ ಬರಬೇಕಾದ ಮೀನನ್ನೇ ಮತ್ತೊಂದು ಮೀನಿಗೆ ಹಾಕುವಾಗ ಅದು ವ್ಯರ್ಥವಾಗದಂತೆ ನೋಡಿಕೊಳ್ಳಬೇಕಾದುದು ಅಗತ್ಯ. ಅದರ ನಿಜವಾದ ಸ್ಥಾನ ಎಳೆಯ ಮರಿಯ ಆಹಾರದಲ್ಲಿ. ಬೆಳೆದ ಗೆಂಡೆಯ ಆಹಾರದಲ್ಲಲ್ಲ.

ಹೆಚ್ಚಾದರೂ ಅಪಾಯ

ಪ್ರೋಟೀನ್ ಒಳ್ಳೆಯದೆಂದು ಕೈಗೆ ಬಂದಷ್ಟು ಸುರಿಯುವಂತಿಲ್ಲ. ಮೀನು ತಿಂದ ಪ್ರೋಟೀನಿನಲ್ಲಿ ಮೂರನೆಯ ಒಂದಂಶದಷ್ಟು ಮಾತ್ರ ಅದರ ಮೈಗೆ ಹತ್ತುತ್ತದೆ ಎಂದಿಟ್ಟುಕೊಳ್ಳೋಣ. ಉಳಿದುದರ ಸಾರಜನಕ ಬಹುಪಾಲು ಅಮೋನಿಯಾ ರೂಪದಲ್ಲಿ ನೀರಿಗೆ ಸೇರುತ್ತದೆ.

ಉದಾಹರಣೆಗೆ, 10,000 ಲೀಟರಿನ ಟ್ಯಾಂಕಿಯಲ್ಲಿ ತಲಾ 10 ಗ್ರಾಂ ತೂಗುವ 500 ಮರಿಗಳಿದ್ದರೆ ಒಟ್ಟು ತೂಕ 5 ಕಿಲೋ. ದಿನಕ್ಕೆ ತೂಕದ ಶೇ. 5ರಂತೆ 250 ಗ್ರಾಂ ಆಹಾರ. ಶೇ. 35ರ ಆಹಾರವಾದರೆ ಅದರಲ್ಲಿರುವ ಪ್ರೋಟೀನ್ 87.5 ಗ್ರಾಂ, 6.25ರಿಂದ ಭಾಗಿಸಿದರೆ ಸಾರಜನಕ 14 ಗ್ರಾಂ. ಇದರಲ್ಲಿ 9 ಗ್ರಾಮಿನಷ್ಟು ನೀರಿಗೆ ಸೇರಿದರೆ, ಪ್ರತಿ ಲೀಟರಿಗೆ ದಿನವೊಂದಕ್ಕೆ ಸುಮಾರು 0.9 ಮಿಲಿಗ್ರಾಂ. ನೀರನ್ನು ಬದಲಾಯಿಸದೆ, ಅದನ್ನು ಶುದ್ಧಗೊಳಿಸುವ ಬ್ಯಾಕ್ಟೀರಿಯಾಗಳೂ ಇಲ್ಲದೆ ಹೋದರೆ ಕೆಲವೇ ದಿನಗಳಲ್ಲಿ ಮರಿಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡತೊಡಗುತ್ತವೆ.

ಅಮೋನಿಯಾದ ವಿಷ ನೀರಿನ ಕ್ಷಾರಗುಣದೊಂದಿಗೆ ಏರುತ್ತದೆ. 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ್ದು ನೂರಕ್ಕೆ ಒಂದರಷ್ಟೂ ಇರುವುದಿಲ್ಲ. ಪಿಎಚ್ 8ರಲ್ಲಿ ಅದು ಆರೇಳರಷ್ಟಾಗುತ್ತದೆ, 9ರಲ್ಲಿ ನಲವತ್ತರಷ್ಟು. ಮುರಕಲ್ಲಿನ ನೆಲದ ನೀರು ಸಾಮಾನ್ಯವಾಗಿ ಆಮ್ಲೀಯವಾಗಿರುವುದರಿಂದ ನಮ್ಮಲ್ಲಿ ಸುಣ್ಣ ಹಾಕುವ ಪದ್ಧತಿ ಇದೆ. ಮರಿ ಬಿಡುವ ಮೊದಲು ಅಳೆದು ಹಾಕಿದರೆ ಅದು ಉಪಕಾರಿ. ಅಮೋನಿಯಾ ತುಂಬಿದ ನೀರಿಗೆ ಒಮ್ಮೆಲೇ ಸುಣ್ಣ ಸುರಿದರೆ ಅದೇ ಮರಿಗಳ ಪ್ರಾಣಕ್ಕೆ ಎರವಾಗುತ್ತದೆ. ಬಯೋಫ್ಲಾಕ್ ವಿಧಾನದಲ್ಲಿ ಬೆಲ್ಲ ಅಥವಾ ಕಾಕಂಬಿಯನ್ನು ನೀರಿಗೆ ಹಾಕುವುದು ಇದೇ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮತ್ತೆ ಪ್ರೋಟೀನ್ ಆಗಿ ಪರಿವರ್ತಿಸಲೆಂದು. ಆದರೆ ಅಲ್ಲಿ ಗಾಳಿಯ ಪಂಪು ಒಂದು ಗಳಿಗೆಯೂ ನಿಲ್ಲಬಾರದು. ವಿದ್ಯುತ್ ಕೈಕೊಡುವ ಮಳೆಗಾಲದಲ್ಲಿ ಬದಲಿ ವ್ಯವಸ್ಥೆ ಇಲ್ಲದವರು ಇದಕ್ಕೆ ಕೈ ಹಾಕದಿರುವುದು ಉತ್ತಮ.

ಕೋಳಿ ಅಂಗಡಿಯ ತ್ಯಾಜ್ಯದಲ್ಲೂ ಪ್ರೋಟೀನ್ ಧಾರಾಳವಾಗಿದೆ. ಆದರೆ ಹಸಿಯಾಗಿ ಹಾಕಿದಾಗ ಅದು ನೀರನ್ನು ಕೊಳೆಸಿ ರೋಗವನ್ನು ತರುತ್ತದೆ, ನೆರೆಮನೆಯವರ ಬಾವಿಗೂ ತೊಂದರೆಯಾಗುತ್ತದೆ.

ದುಬಾರಿ ಚೀಲ ನಿಜವಾಗಿ ದುಬಾರಿಯೇ?

ಮೀನು ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಆಹಾರಕ್ಕೇ ಹೋಗುತ್ತದೆ. ಹಾಗಾಗಿ ಉಳಿತಾಯದ ಯೋಚನೆ ಸಹಜ. ಆದರೆ ಉಳಿಸಬೇಕಾದುದು ಎಲ್ಲಿ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. 500 ತಿಲಾಪಿಯಾ ಮರಿಗಳು 1 ಗ್ರಾಮಿನಿಂದ 10 ಗ್ರಾಮಿಗೆ ಬೆಳೆಯಲು ಒಟ್ಟು ಬೇಕಾಗುವ ಆಹಾರ ಸುಮಾರು 5 ಕಿಲೋ. ಅವುಗಳಲ್ಲಿ 400 ಉಳಿದು, ತಲಾ 400 ಗ್ರಾಂ ತೂಗುವ ಹೊತ್ತಿಗೆ ಒಟ್ಟು 200 ಕಿಲೋಗೂ ಮಿಕ್ಕಿ ಆಹಾರ ಬೇಕಾಗುತ್ತದೆ. ಅತಿ ಹೆಚ್ಚು ಬೆಲೆಯ ಆಹಾರ ಬೇಕಾಗುವುದು ಆಹಾರದ ಒಟ್ಟು ಪ್ರಮಾಣ ಅತಿ ಕಡಿಮೆ ಇರುವಾಗ. ಆ ಐದು ಕಿಲೋದಲ್ಲಿ ಉಳಿಸಹೊರಟವರು ಮರಿಗಳನ್ನೇ ಕಳೆದುಕೊಳ್ಳುತ್ತಾರೆ. ಬೆಳೆದ ಮೀನಿಗೂ ಶೇ. 40ರ ಆಹಾರವನ್ನೇ ಹಾಕುತ್ತಾ ಹೋದವರು ಹಣವನ್ನೂ ನೀರಿನ ಶುದ್ಧತೆಯನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ.

ಯಾವಾಗ ಚೀಲ ಬದಲಾಯಿಸಬೇಕೆಂಬುದನ್ನು ತಿಳಿಯಲು ತೂಗುವುದೊಂದೇ ದಾರಿ. ವಾರಕ್ಕೊಮ್ಮೆ ಇಪ್ಪತ್ತು ಮರಿಗಳನ್ನು ಬಲೆಯಲ್ಲಿ ಹಿಡಿದು, ನೀರಿರುವ ಬಕೆಟಿನಲ್ಲಿ ತೂಗಿ, ಬಕೆಟು ಮತ್ತು ನೀರಿನ ತೂಕವನ್ನು ಕಳೆದು, ಇಪ್ಪತ್ತರಿಂದ ಭಾಗಿಸಿದರೆ ಸರಾಸರಿ ತಿಳಿಯುತ್ತದೆ. 1 ಗ್ರಾಮಿನ ಮರಿಗೆ ದಿನಕ್ಕೆ ಮೈತೂಕದ ಶೇ. 8ರಿಂದ 10, 10 ಗ್ರಾಮಿನದಕ್ಕೆ ಶೇ. 5, 100 ಗ್ರಾಮಿನದಕ್ಕೆ ಶೇ. 3ರಂತೆ ಆಹಾರ ಸಾಕು. ಎಳೆಯ ಮರಿಗಳಿಗೆ ಇದನ್ನು ದಿನಕ್ಕೆ ನಾಲ್ಕು ಬಾರಿಯಾದರೂ ಹಂಚಿ ಕೊಡಬೇಕು. ಹದಿನೈದು ನಿಮಿಷಗಳಲ್ಲಿ ತಿಂದು ಮುಗಿಸದಿದ್ದರೆ ಮುಂದಿನ ಬಾರಿ ಕಡಿಮೆ ಮಾಡಬೇಕು. ಈ ಲೆಕ್ಕದ ಪುಸ್ತಕವನ್ನು ಮನೆಯ ಮಕ್ಕಳ ಕೈಗೆ ಒಪ್ಪಿಸಬಹುದು. ಶೇಕಡಾ, ಸರಾಸರಿ, ಅನುಪಾತ ಎಲ್ಲವೂ ಅದರಲ್ಲಿವೆ. ತಿಲಾಪಿಯಾ ಸಾಕುವವರು ಮಳೆಗೆ ನೀರು ಉಕ್ಕಿ ಹರಿಯುವ ಕೊಳವೆಗೆ ಬಲೆ ಕಟ್ಟಲು ಮರೆಯಬಾರದು. ಬೇಗನೆ ಮರಿಯಿಡುವ ಈ ಮೀನು ತೋಡು ಹೊಳೆಗಳಿಗೆ ಸೇರಿದರೆ ಅಲ್ಲಿನ ಮೀನುಗಳಿಗೆ ಕುತ್ತು.

ಕೊಳ್ಳುವ ಮುನ್ನ

ಚೀಲದ ಮೇಲಿನ ಬರಹ ನಮ್ಮ ಭಾಷೆಯಲ್ಲಿರುವುದು ವಿರಳ. ಆದರೂ ಐದು ವಿಷಯಗಳನ್ನು ಅಂಗಡಿಯವರಲ್ಲಿ ಕೇಳಿ ತಿಳಿಯಬಹುದು: ಕಚ್ಚಾ ಪ್ರೋಟೀನ್ ಕನಿಷ್ಠ ಎಷ್ಟು, ನಾರಿನಂಶ ಗರಿಷ್ಠ ಎಷ್ಟು, ಪ್ರೋಟೀನಿನ ಮೂಲವೇನು, ಕಾಳಿನ ಗಾತ್ರವೆಷ್ಟು, ತಯಾರಾದ ದಿನಾಂಕ ಯಾವುದು. ಹೆಚ್ಚಿನ ಮಾಹಿತಿಗೆ ಮೀನುಗಾರಿಕಾ ಇಲಾಖೆಯನ್ನು ಅಥವಾ ಸಿಪಿಸಿಆರ್‌ಐ ಆವರಣದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಇಲಾಖೆಗೆ ಬರೆಯುವ ಅರ್ಜಿ ಮಲಯಾಳದಲ್ಲೇ ಇರಬೇಕೆಂದಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ಕನ್ನಡ ಭಾಷಾ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿ ಪತ್ರ ವ್ಯವಹಾರ ನಡೆಸಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಮರಿ ಬಿಡುವ ಮೊದಲೇ ಈ ಹಕ್ಕನ್ನು ಬಳಸಿ, ತಮ್ಮ ಟ್ಯಾಂಕಿಯ ಅಳತೆ, ನೀರಿನ ಪಿಎಚ್ ಮತ್ತು ಸಾಕಬಯಸುವ ಮೀನಿನ ಜಾತಿಯನ್ನು ಬರೆದು ಸಲಹೆ ಕೇಳಬೇಕೆಂದು ಓದುಗರಲ್ಲಿ ನಮ್ಮ ವಿನಂತಿ.